ಕಲಬುರಗಿ ಬಿಸಿಲಿಗೆ ಯಾವ ಸ್ಪಾರ್ಕ್ ಗ್ಯಾಪ್? ಟೆಸ್ಲಾ ಕಾಯಿಲ್ ಕಿಟ್ಟಿನ ವಿಮರ್ಶೆ

ಟೆಸ್ಲಾ ಕಾಯಿಲ್ ಅಂದರೆ ಹೈವೋಲ್ಟೇಜಿನಲ್ಲಿ ಸಣ್ಣ ಮಿಂಚು ಹಾರಿಸುವ ಸುರುಳಿಗಳ ಜೋಡಿ, ಅದಕ್ಕೆ ಸ್ವಿಚ್ಚಿನಂತೆ ಕೆಲಸ ಮಾಡುವ ಕಿಡಿಯ ಸಂದಿಯೇ ಸ್ಪಾರ್ಕ್ ಗ್ಯಾಪ್. ಆ ಗ್ಯಾಪಿನ ಕಿಟ್ ಇದು. ಪೆಟ್ಟಿಗೆಯಲ್ಲಿ ಬರುವುದಿಷ್ಟು. 22 ಮಿ.ಮೀ. ಹೊರವ್ಯಾಸದ ಏಳು ತಾಮ್ರದ ಪೈಪ್ ತುಂಡು, ಒಂದೊಂದೂ 60 ಮಿ.ಮೀ. ಉದ್ದ. ಅವನ್ನು ಸಾಲಾಗಿ ನಿಲ್ಲಿಸಲು ಉದ್ದ ತೂತು ಕೊರೆದ 6 ಮಿ.ಮೀ. ದಪ್ಪದ ಅಕ್ರಿಲಿಕ್ ಹಲಗೆ. 12 ವೋಲ್ಟಿನ ಕಂಪ್ಯೂಟರ್ ಫ್ಯಾನ್. ‘ಹೆಚ್ಚುವರಿ ಗ್ಯಾಪ್’ ಅಂತ ಹಿತ್ತಾಳೆ ಹಿಡಿಕೆಯಲ್ಲಿ ಸಿಕ್ಕಿಸಿದ ಎರಡು 2.4 ಮಿ.ಮೀ. ಟಂಗ್‌ಸ್ಟನ್ ಕಡ್ಡಿ. ಒಂದು ಮೀಟರ್ ಕೆಂಪು ವೈರ್. ಒಂದು ಹಾಳೆ ಸೂಚನೆ. ಇದೇ ಸಾಮಾನು ಆನ್‌ಲೈನಿನಲ್ಲಿ ನಾಲ್ಕೈದು ಬೇರೆ ಬೇರೆ ಹೆಸರಲ್ಲಿ ಮಾರಾಟಕ್ಕಿದೆ, ಹಾಗಾಗಿ ಹೆಸರು ಹಿಡಿದು ಹೇಳುವ ಅಗತ್ಯವಿಲ್ಲ. ಚಿತ್ರದಲ್ಲಿ ಸಾಲಾಗಿ ನಿಂತ ತಾಮ್ರದ ಪೈಪು ಕಂಡರೆ ಅದೇ ಇದು.

ತೀರ್ಪು ಮೊದಲೇ ಹೇಳಿಬಿಡೋಣ. ತಾಮ್ರ ಛಲೋ ಇದೆ, ಹಲಗೆ ನಡೆಯುವುದಿಲ್ಲ, ಫ್ಯಾನ್ ದಂಡ, ವೈರ್ ಬಿಸಾಕಿ, ಸೂಚನೆಯ ಹಾಳೆಯನ್ನಂತೂ ಓದಲೇಬೇಡಿ. ಹಾಳೆಯಲ್ಲಿ ‘ಕಿಡಿ ಜೋರಾಗಿ ಬರುವವರೆಗೆ ಗ್ಯಾಪ್ ಹಿಗ್ಗಿಸಿ’ ಅಂತ ಬರೆದಿದ್ದಾರೆ. ಟ್ರಾನ್ಸ್‌ಫಾರ್ಮರ್ ಸುಡಲು ಇದಕ್ಕಿಂತ ಸರಳ ದಾರಿ ಇನ್ನೊಂದಿಲ್ಲ.

ಗ್ಯಾಪ್ ಕೊಳ್ಳುವವರು ಸಾಮಾನ್ಯವಾಗಿ ಅದು ಎಷ್ಟು ಚೆನ್ನಾಗಿ ಹೊತ್ತುತ್ತದೆ ಅಂತ ನೋಡುತ್ತಾರೆ. ಎರಡು ಮೊಳೆ ಎದುರುಬದುರು ಇಟ್ಟರೂ ಕಿಡಿ ಹೊತ್ತುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಹೊತ್ತಿದ್ದು ಎಷ್ಟು ಬೇಗ ಆರುತ್ತದೆ ಅನ್ನುವುದರ ಮೇಲೆ ಕಾಯಿಲ್ ನಿಂತಿದೆ. ಟ್ರಾನ್ಸ್‌ಫಾರ್ಮರ್ ಕೆಪಾಸಿಟರನ್ನು ತುಂಬಿಸುತ್ತದೆ, ವೋಲ್ಟೇಜ್ ಏರಿ ಗಾಳಿ ಸೀಳಿದಾಗ ಗ್ಯಾಪ್ ಸ್ವಿಚ್ಚಿನಂತೆ ಮುಚ್ಚಿಕೊಳ್ಳುತ್ತದೆ, ಕೆಪಾಸಿಟರ್ ಮತ್ತು ಕೆಳಗಿನ ದಪ್ಪ ಪ್ರೈಮರಿ ಸುರುಳಿ ಸೇರಿ ಆಂದೋಲನ ಶುರು ಮಾಡುತ್ತವೆ. ಆ ಶಕ್ತಿ ಸೆಕೆಂಡರಿಗೆ, ಅಂದರೆ ಸಾವಿರ ಸುತ್ತಿನ ಎರಡನೇ ಸುರುಳಿಗೆ, ಪೂರ್ತಿ ದಾಟಿದ ಕ್ಷಣದಲ್ಲೇ ಗ್ಯಾಪ್ ಆರಬೇಕು. ಆರದಿದ್ದರೆ ದಾಟಿದ ಶಕ್ತಿ ಅದೇ ದಾರಿಯಲ್ಲಿ ಪ್ರೈಮರಿಗೆ ವಾಪಸ್ ಬಂದು ಗ್ಯಾಪಿನಲ್ಲೇ ಬಿಸಿಯಾಗಿ ಹೋಗುತ್ತದೆ. ಮೇಲೆ ಟೊರಾಯ್ಡಿನಿಂದ (ಸೆಕೆಂಡರಿಯ ತಲೆಯ ಮೇಲಿನ ಲೋಹದ ಬಳೆ) ಹೊರಡಬೇಕಾದ ಮಿಂಚು ಕೆಳಗೆ ತಾಮ್ರ ಕಾಯಿಸುವ ಕೆಲಸಕ್ಕೆ ಬೀಳುತ್ತದೆ.

ಎಷ್ಟು ಬೇಗ ಅಂದರೆ? ಇಲ್ಲಿ ಪರೀಕ್ಷೆಗೆ ಇಟ್ಟುಕೊಂಡ ಕಾಯಿಲ್ಲಿನ ಲೆಕ್ಕ ನೋಡಿ. ಹಳೇ ಕಬ್ಬಿಣದ ಕೋರಿನ, ನಿಯಾನ್ ಬೋರ್ಡಿಗೆ ಹಾಕುವ ಟ್ರಾನ್ಸ್‌ಫಾರ್ಮರ್, 10 ಕಿಲೋವೋಲ್ಟ್, 30 ಮಿಲಿಆಂಪಿಯರ್. 0.15 ಮೈಕ್ರೋಫ್ಯಾರಡ್, 2000 ವೋಲ್ಟಿನ ಪಾಲಿಪ್ರೊಪಿಲೀನ್ ಪಲ್ಸ್ ಕೆಪಾಸಿಟರ್ ಹತ್ತು ಸರಣಿಯಲ್ಲಿ, ಅಂದರೆ 15 ನ್ಯಾನೋಫ್ಯಾರಡ್, 20 ಕಿಲೋವೋಲ್ಟ್. ಒಂದೊಂದರ ಮೇಲೂ 10 ಮೆಗಓಮ್ ಬ್ಲೀಡರ್ (ನಿಲ್ಲಿಸಿದ ಮೇಲೆ ಚಾರ್ಜ್ ಇಳಿಸುವ ರೆಸಿಸ್ಟರ್). ಸೆಕೆಂಡರಿಗೆ 110 ಮಿ.ಮೀ. ಪಿವಿಸಿ ಪೈಪಿನ ಮೇಲೆ 26 ಗೇಜ್ ಎನಾಮಲ್ ತಂತಿಯ 1000 ಸುತ್ತು, ಸುತ್ತಿದ ಉದ್ದ 51 ಸೆಂ.ಮೀ., ಸುಮಾರು 21.5 ಮಿಲಿಹೆನ್ರಿ. ಟೊರಾಯ್ಡ್ ಕೂಡಿಸಿದರೆ ಅನುರಣನ (ಸುರುಳಿ ತಾನಾಗಿ ಆಂದೋಲಿಸುವ ಆವರ್ತನ) 225 ಕಿಲೋಹರ್ಟ್ಸ್ ಆಸುಪಾಸು. ಕಪ್ಲಿಂಗ್ (ಎರಡು ಸುರುಳಿಗಳ ನಡುವಿನ ಕಾಂತೀಯ ನಂಟು) 0.1 ಇದ್ದರೆ ಶಕ್ತಿ ದಾಟಲು ಐದು ಆಂದೋಲನ ಸಾಕು, ಅಂದರೆ 22 ಮೈಕ್ರೋಸೆಕೆಂಡ್. ಆ ಅವಕಾಶ ತಪ್ಪಿದರೆ ಮುಂದಿನದು 66ಕ್ಕೆ. ಅಷ್ಟರಲ್ಲಿ ಒಂದು ಪಾಲು ಆಗಲೇ ಕೈಬಿಟ್ಟಿರುತ್ತದೆ.

ಏಳು ಪೈಪಿನ ವಿನ್ಯಾಸದ ಜಾಣತನ ಇಲ್ಲೇ ಇದೆ. ಒಂದು ದೊಡ್ಡ ಕಿಡಿಯ ಬದಲು ನಾಲ್ಕೈದು ಗಿಡ್ಡ ಕಿಡಿ, ಪ್ರತಿಯೊಂದಕ್ಕೂ ಎರಡೂ ಕಡೆ ತಣ್ಣನೆ ದಪ್ಪ ತಾಮ್ರ. ಗಿಡ್ಡ ಕಿಡಿಯ ಬಿಸಿ ಲೋಹಕ್ಕೆ ಬೇಗ ಇಳಿಯುತ್ತದೆ, ಅಯಾನುಗಳು ಬೇಗ ಚದುರುತ್ತವೆ. ಇದೇನು ಹೊಸ ವಿದ್ಯೆಯಲ್ಲ, ಜರ್ಮನಿಯ ಮ್ಯಾಕ್ಸ್ ವೀನ್ 1906ರಲ್ಲೇ ರೇಡಿಯೋ ಪ್ರೇಷಕಗಳಿಗೆ ಇಂಥ ಆರಿಸುವ ಗ್ಯಾಪ್ ಮಾಡಿದ್ದ. ಅದಕ್ಕೂ ಮೊದಲು ನಿಕೋಲಾ ಟೆಸ್ಲಾ ಗಾಳಿ ಊದಿ, ಅಯಸ್ಕಾಂತ ಇಟ್ಟು, ಚಕ್ರ ತಿರುಗಿಸಿ ಕಿಡಿ ಆರಿಸಲು ನೋಡಿದ್ದ.

ಈಗ ನಮ್ಮೂರಿನ ಮಾತು. ಗ್ಯಾಪಿನ ಅಂತರ 0.7 ಮಿ.ಮೀ. ಇಡಿ ಅಂತ ಎಲ್ಲರೂ ಹೇಳುವುದು ಸಮುದ್ರಮಟ್ಟದ, 20 ಡಿಗ್ರಿಯ ಲೆಕ್ಕ. ಅಲ್ಲಿ 0.7 ಮಿ.ಮೀ. ಅಂತರ ಸುಮಾರು 3.3 ಕಿಲೋವೋಲ್ಟಿಗೆ ಸೀಳುತ್ತದೆ, ನಾಲ್ಕು ಅಂತರಕ್ಕೆ 13.2. 10 ಕಿಲೋವೋಲ್ಟಿನ ಟ್ರಾನ್ಸ್‌ಫಾರ್ಮರಿನ ತುದಿ ವೋಲ್ಟೇಜ್, ಅಂದರೆ ಪ್ರತಿ ಆವರ್ತದಲ್ಲಿ ಏರುವ ಗರಿಷ್ಠ ಮಟ್ಟ, 14.1, ಸರಿ ಹೊಂದುತ್ತದೆ. ಆದರೆ ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ, ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಗಾಳಿಯ ಸಾಂದ್ರತೆ ಆ ಲೆಕ್ಕದ 0.88 ಪಾಲಿಗೆ ಇಳಿಯುತ್ತದೆ. ಅದೇ ನಾಲ್ಕು ಅಂತರ ಈಗ 12 ಕಿಲೋವೋಲ್ಟಿಗೇ ಸೀಳುತ್ತದೆ. ಒಂದು ಕಿಲೋವೋಲ್ಟ್ ತಾನೇ ಅನ್ನಬೇಡಿ, ಕೆಪಾಸಿಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಪ್ರತಿ ಕಿಡಿಯಲ್ಲೂ ಆರನೇ ಒಂದು ಪಾಲು ಹೋಯಿತು. ಬೇಸಿಗೆಯಲ್ಲಿ ಮಿಂಚು ಗಿಡ್ಡಾಯಿತು, ಕಾಯಿಲ್ ಕೆಟ್ಟಿತು ಅಂತ ಟ್ಯಾಪ್ (ಪ್ರೈಮರಿಯ ಎಷ್ಟನೇ ಸುತ್ತಿಗೆ ವೈರ್ ಕೂಡಿಸಿದೆ ಅನ್ನುವ ಜಾಗ) ಬದಲಿಸುತ್ತಾ ಕೂರುವವರಿಗೆ ಕಾರಣ ಬಹಳ ಸಲ ಇಷ್ಟೇ.

ಪರಿಹಾರ ಸುಲಭ. ಬೇಸಿಗೆಗೆ ಅಂತರ 0.8 ಮಾಡಿ, ಮತ್ತೆ 13.3 ಬರುತ್ತದೆ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ನೋಡುವ ಫೀಲರ್ ಗೇಜ್ ಸಾಕು, ಯಾವ ಆಟೋಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಪೈಪಿನ ಎರಡೂ ತುದಿಯಲ್ಲಿ ಗೇಜ್ ಹಾಕಿ ನೋಡಬೇಕು, ಒಂದು ಕಡೆ 0.8 ಇನ್ನೊಂದು ಕಡೆ 0.6 ಇದ್ದರೆ ಕಿಡಿಯೆಲ್ಲಾ ಒಂದೇ ಮೂಲೆಯಲ್ಲಿ ಕೂತು ಅಲ್ಲೇ ತಾಮ್ರ ತಿನ್ನುತ್ತದೆ. ಆದರೆ ಡಿಸೆಂಬರಿನಲ್ಲಿ ಅದನ್ನು 0.7ಕ್ಕೆ ವಾಪಸ್ ತರುವುದು ಮರೆಯಬಾರದು. 20 ಡಿಗ್ರಿ ಚಳಿಯಲ್ಲಿ 0.8ರ ನಾಲ್ಕು ಅಂತರಕ್ಕೆ 14 ಕಿಲೋವೋಲ್ಟ್ ಬೇಕು, ಟ್ರಾನ್ಸ್‌ಫಾರ್ಮರಿನ ತುದಿಗೆ ಸರಿಸಮ. ಸಂಜೆ ಹೊತ್ತು ಮನೆಯ ವೋಲ್ಟೇಜ್ ಸ್ವಲ್ಪ ಇಳಿದರೂ ಗ್ಯಾಪ್ ಹೊತ್ತುವುದಿಲ್ಲ. ಬೀದರಿನವರಿಗೆ ಎತ್ತರ ಹೆಚ್ಚು, ಬಿಸಿಲು ಒಂಚೂರು ಕಡಿಮೆ. ಕೂಡಿ ಕಳೆದರೆ ಲೆಕ್ಕ ಹೆಚ್ಚು ಕಡಿಮೆ ಇಲ್ಲಿಯದೇ.

ಹೊತ್ತದಿದ್ದರೆ ಏನಾಯ್ತು, ಕಿಡಿ ಬರಲ್ಲ ಅಷ್ಟೇ ಅಲ್ಲವೇ? ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. 15 ನ್ಯಾನೋಫ್ಯಾರಡ್ ಮತ್ತು ಟ್ರಾನ್ಸ್‌ಫಾರ್ಮರಿನ ಒಳಗಿನ ಇಂಡಕ್ಟೆನ್ಸ್ ಸೇರಿ 50 ಹರ್ಟ್ಸಿನಲ್ಲೇ ಅರೆ ಅನುರಣನ ಮಾಡುತ್ತವೆ. ಗ್ಯಾಪ್ ಹೊತ್ತದೇ ಹೋದರೆ ಕೆಪಾಸಿಟರಿನ ವೋಲ್ಟೇಜ್ 14ಕ್ಕೆ ನಿಲ್ಲುವುದಿಲ್ಲ. ಕಬ್ಬಿಣದ ಕೋರ್ ಸ್ಯಾಚುರೇಟ್ ಆಗಿ (ಇನ್ನಷ್ಟು ಕಾಂತತ್ವ ಹಿಡಿಯಲಾಗದೆ) ತಡೆಯದಿದ್ದರೆ ಲೆಕ್ಕದ ಪ್ರಕಾರ 24 ಕಿಲೋವೋಲ್ಟ್ ದಾಟಬಲ್ಲದು. ಸುಡುವುದು ಯಾವುದು ಮೊದಲು, ಕೆಪಾಸಿಟರೋ ಟ್ರಾನ್ಸ್‌ಫಾರ್ಮರಿನ ಹೈವೋಲ್ಟೇಜ್ ಸುತ್ತೋ ಅನ್ನುವುದಷ್ಟೇ ಪ್ರಶ್ನೆ. ಸರಿಯಾಗಿ ಅನುರಣನಕ್ಕೆ ಬರುವ 9.5 ನ್ಯಾನೋಫ್ಯಾರಡ್ ಹಾಕಿದರೆ ಇನ್ನೂ ಅಪಾಯ. ಅದಕ್ಕೇ ಇಂಥ ತಿರುಗದ ಸ್ಥಿರ ಗ್ಯಾಪಿಗೆ ಅದರ ಒಂದೂವರೆ ಪಟ್ಟು ಕೆಪಾಸಿಟರ್ ಹಾಕುವುದು ರೂಢಿ.

ಅಂತರ ಹೊಂದಿಸುವ ಕ್ರಮ ಹೀಗೆ. ಕೆಪಾಸಿಟರ್, ಪ್ರೈಮರಿ ಎರಡನ್ನೂ ಬಿಚ್ಚಿಡಿ. ಗ್ಯಾಪನ್ನು ಮಾತ್ರ ಟ್ರಾನ್ಸ್‌ಫಾರ್ಮರಿಗೆ ಕೂಡಿಸಿ. ವೇರಿಯಾಕ್ (ವೋಲ್ಟೇಜ್ ಏರಿಸಿ ಇಳಿಸುವ ಸಾಧನ) ಪೂರ್ತಿ ಏರಿಸಿದಾಗ ಗ್ಯಾಪ್ ತಡವರಿಸದೆ ಹೊತ್ತಬೇಕು. ಒಂದೊಂದೇ ಪೈಪ್ ಸೇರಿಸುತ್ತಾ ಹೋಗಿ, ಹೊತ್ತುವುದು ನಿಂತ ಕಡೆಯಿಂದ ಒಂದು ಅಂತರ ಕಡಿಮೆ ಮಾಡಿ. ಪ್ರತಿ ಸಲ ಕೈ ಹಾಕುವ ಮುಂಚೆ ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಡಿ. ಇದಾದ ಮೇಲೆ ಕಾಯಿಲ್ ಎಷ್ಟೇ ಆಸೆ ತೋರಿಸಿದರೂ ಅಂತರ ಹಿಗ್ಗಿಸಬಾರದು. ಏಳು ಪೈಪಿನಲ್ಲಿ ಆರು ಅಂತರ ಸಿಗುತ್ತದೆ, 10 ಕಿಲೋವೋಲ್ಟಿಗೆ ಬೇಕಾಗುವುದು ನಾಲ್ಕೇ. ಉಳಿದವು 15 ಕಿಲೋವೋಲ್ಟಿನ ಟ್ರಾನ್ಸ್‌ಫಾರ್ಮರ್ ಇರುವವರಿಗೆ.

ಕಿಟ್ಟಿನ ದೊಡ್ಡ ದೋಷ ಹಲಗೆಯದು. ಅಕ್ರಿಲಿಕ್ 100 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ತಾಮ್ರದ ಬಿಸಿ ಸ್ಕ್ರೂ ಮೂಲಕ ನೇರ ಅದಕ್ಕೇ ಇಳಿಯುತ್ತದೆ. ಮೊದಲ ಒಂದೆರಡು ನಿಮಿಷ ಸೊಗಸಾಗಿ ನಡೆದ ಗ್ಯಾಪ್ ಆಮೇಲೆ ಹೇಗೆಹೇಗೋ ಆಡಲು ಶುರು ಮಾಡುತ್ತದೆ. ಗೇಜ್ ಹಾಕಿದರೆ ಒಂದು ಅಂತರ 0.9, ಪಕ್ಕದ್ದು 0.5. ಸ್ಕ್ರೂ ಬಿಗಿ ಮಾಡಿದಷ್ಟೂ ಪ್ಲಾಸ್ಟಿಕ್ಕಿನೊಳಗೆ ಇಳಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. ಮೋಟಾರ್ ರಿವೈಂಡಿಂಗ್ ಅಂಗಡಿಯವರ ಹತ್ತಿರ ಹಸಿರು ಛಾಯೆಯ ಗ್ಲಾಸ್ ಎಪಾಕ್ಸಿ ಹಾಳೆ ಇರುತ್ತದೆ, 8 ಅಥವಾ 10 ಮಿ.ಮೀ.ದು ಕೇಳಿ. ಹಳೇ ಹಲಗೆಯನ್ನೇ ಅಚ್ಚು ಮಾಡಿಕೊಂಡು ತೂತು ಕೊರೆಯಬಹುದು. ಕೊರೆಯುವಾಗ ಮೂಗಿಗೆ ಬಟ್ಟೆ, ಆ ಧೂಳು ಗಾಜು. ಎಪಾಕ್ಸಿ ಸಿಗದಿದ್ದರೆ ಬೇಕಲೈಟ್ ನಡೆಯುತ್ತದೆ, ಒಂದು ಷರತ್ತಿನ ಮೇಲೆ. ಅದರ ಮೈಮೇಲೆ ಒಮ್ಮೆ ಕಿಡಿ ಹರಿದು ಕಪ್ಪು ಗೆರೆ ಬಿತ್ತೆಂದರೆ ಉಜ್ಜಿ ಸರಿಮಾಡಲು ಹೋಗಬೇಡಿ, ಆ ಗೆರೆ ಇಂಗಾಲ, ಇನ್ನು ಮುಂದೆ ಅದೇ ಸುಲಭ ದಾರಿ. ಹಲಗೆ ಬದಲಿಸಿ.

ಫ್ಯಾನ್ ವಿಷಯಕ್ಕೆ ಬಂದರೆ, ಕಂಪ್ಯೂಟರ್ ಫ್ಯಾನ್ ತೆರೆದ ಜಾಗದಲ್ಲಿ ಗಾಳಿ ಆಡಿಸಲು ಮಾಡಿದ್ದು, ಮುಕ್ಕಾಲು ಮಿಲಿಮೀಟರ್ ಸಂದಿಯೊಳಗೆ ನುಗ್ಗಿಸಲು ಅಲ್ಲ. ಮೇಲಾಗಿ ಅದರ ಹೊಟ್ಟೆಯೊಳಗೆ ಸಣ್ಣ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇದೆ. ಕೂಗಳತೆ ದೂರದಲ್ಲಿ ಟೆಸ್ಲಾ ಕಾಯಿಲ್ ಕಿರುಚುತ್ತಿದ್ದರೆ ಅದು ಎಷ್ಟು ದಿನ ಬದುಕೀತು? ಹೋಟೆಲ್ ಒಲೆಗೆ, ಕಮ್ಮಾರರ ಕುಲುಮೆಗೆ ಹಾಕುವ 230 ವೋಲ್ಟಿನ ಸಣ್ಣ ಬ್ಲೋವರ್ ಇದಕ್ಕೆ ಹೇಳಿ ಮಾಡಿಸಿದ್ದು. ಬ್ಲೋವರಿನ ಮೈ ಕಬ್ಬಿಣ, ಆದ್ದರಿಂದ ಒಂದಡಿ ಉದ್ದದ ಪಿವಿಸಿ ಪೈಪಿನ ಮೂಲಕ ಗಾಳಿ ತಂದು ಬಿಡಿ, ಮೈಗೆ ಅರ್ಥ್ ಕೊಡಿ. ಗಾಳಿ ಪೈಪುಗಳ ಸಂದಿಯನ್ನೇ ದಾಟಿ ಹೋಗುವಂತೆ ಎರಡೂ ಬದಿಗೆ ತಡೆ ಕಟ್ಟಬೇಕು, ಇಲ್ಲದಿದ್ದರೆ ಗಾಳಿ ಪಕ್ಕಕ್ಕೆ ಜಾರಿ ಹೋಗುತ್ತದೆ. ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಗಾಳಿ ಸಾಲದಾಗ ಕಿಡಿ ‘ಸೊಂಯ್’ ಅನ್ನುತ್ತದೆ, ಹಳದಿ ಹಸಿರು ಬಣ್ಣದ ಜ್ವಾಲೆ ಮೇಲೆದ್ದು ಕೂರುತ್ತದೆ. ಗಾಳಿ ಸರಿಯಾದಾಗ ಜೋಳ ಹುರಿದ ಹಾಗೆ ಒಂದೊಂದೇ ಬಿಡಿಬಿಡಿ ಪಟಪಟ, ಬಣ್ಣ ನೀಲಿ ಬಿಳುಪು.

ಟಂಗ್‌ಸ್ಟನ್ ಕಡ್ಡಿಗಳ ಬಗ್ಗೆ ಜನರಲ್ಲಿ ಭಾರೀ ಗೌರವ ಇದೆ. ಬೇಗ ಸವೆಯುವುದಿಲ್ಲ ಅನ್ನುವುದು ನಿಜ. ಆದರೆ ಒಂದೇ ಅಂತರದಲ್ಲಿ 2.4 ಮಿ.ಮೀ. ತೆಳು ಕಡ್ಡಿಯ ತುದಿ ಕೆಂಪಗೆ ಕಾದು ಕೂರುತ್ತದೆ, ಕಾದ ತುದಿ ಆರಲು ಬಿಡುವುದಿಲ್ಲ. ಕಿಟ್ಟಿನ ಜೊತೆ ಬಂದ ಜೋಡಿ ಮುಖ್ಯ ಗ್ಯಾಪಿಗೆ ಬ್ಯಾಡ. ಇನ್ನೊಂದು ಮಾತು, ಕಡ್ಡಿಯ ಒಂದು ತುದಿಯ ಬಣ್ಣ ನೋಡಿ. ಕೆಂಪು ಇದ್ದರೆ ಅದರಲ್ಲಿ ಥೋರಿಯಂ ಇದೆ, ಅದು ವಿಕಿರಣಶೀಲ. ಇಟ್ಟುಕೊಂಡರೆ ಏನಾಗದು, ಗ್ರೈಂಡರಿಗೆ ಹಿಡಿದು ಧೂಳು ಮಾಡಬಾರದು. ಚಿನ್ನದ ಬಣ್ಣ ಅಥವಾ ನೀಲಿ ತುದಿಯದು ಲ್ಯಾಂಥನಂ, ಆ ತಕರಾರಿಲ್ಲ. ಹಾಗೆಯೇ ಹಿತ್ತಾಳೆಯನ್ನು ಕಿಡಿ ಬೀಳುವಲ್ಲಿ ಬಳಸಬೇಡಿ, ಬಿಸಿಗೆ ಅದರೊಳಗಿನ ಸತುವು ಆವಿಯಾಗಿ ಮೈಯೆಲ್ಲಾ ಗುಂಡಿ ಬೀಳುತ್ತದೆ. ತಾಮ್ರ ಸವೆದರೂ ಚಿಂತೆಯಿಲ್ಲ, ಪೈಪ್ ಅಲ್ವಾ, ಸ್ಕ್ರೂ ಸಡಿಲಿಸಿ ಒಂಚೂರು ತಿರುಗಿಸಿದರೆ ಹೊಸ ಮೈ ಎದುರು ಬರುತ್ತದೆ. ಈ ವಿನ್ಯಾಸದಲ್ಲಿ ಅತಿ ಮೆಚ್ಚುಗೆಯಾದದ್ದು ಇದೇ. ಕಪ್ಪು ಹಿಡಿದಾಗ 400 ನಂಬರಿನ ಮರಳು ಕಾಗದ ಸಾಕು.

ಕೊಟ್ಟಿರುವ ಕೆಂಪು ವೈರ್ ಒಂದೂವರೆ ಚದರ ಮಿಲಿಮೀಟರಿನದು. ಮನೆಯ ಬಲ್ಬಿಗೆ ಅಡ್ಡಿಯಿಲ್ಲ. ಇಲ್ಲಿ ಕಿಡಿ ಹೊತ್ತಿದ ಕ್ಷಣದಲ್ಲಿ ಕೆಪಾಸಿಟರ್, ಗ್ಯಾಪ್, ಪ್ರೈಮರಿ ಸುತ್ತಿನಲ್ಲಿ ಹರಿಯುವುದು 300 ಆಂಪಿಯರ್ ಹತ್ತಿರ, ಅದೂ ತಾಮ್ರದ ಮೇಲ್ಮೈಯ 0.14 ಮಿ.ಮೀ. ಪದರದಲ್ಲಿ ಮಾತ್ರ. ಮೈ ಅಗಲ ಇದ್ದಷ್ಟೂ ಒಳ್ಳೆಯದು. ಏಸಿ ರಿಪೇರಿಯವರು ಹಾಕುವ ಕಾಲಂಗುಲ ತಾಮ್ರದ ಟ್ಯೂಬನ್ನೇ ಪ್ರೈಮರಿಗೆ ಬಳಸಿ, 11 ಸುತ್ತಿನ ಚಪ್ಪಟೆ ಸುರುಳಿ, ಸುತ್ತಿನಿಂದ ಸುತ್ತಿಗೆ ಅರ್ಧ ಅಂಗುಲ, ಒಳ ತ್ರಿಜ್ಯ ಮೂರಂಗುಲ. ಟ್ಯಾಪ್ 10ನೇ ಸುತ್ತಿನ ಆಸುಪಾಸಿಗೆ ಬರುತ್ತದೆ. ಉಳಿದ ತುಂಡನ್ನು ಚಪ್ಪಟೆ ಬಡಿದು ಗ್ಯಾಪಿನ ಜೋಡಣೆಗೆ ಪಟ್ಟಿ ಮಾಡಿ. ಗ್ಯಾಪನ್ನು ಟ್ರಾನ್ಸ್‌ಫಾರ್ಮರಿನ ಎರಡು ತಲೆಗಳ (ಹೈವೋಲ್ಟೇಜ್ ಟರ್ಮಿನಲ್) ನಡುವೆ ಕೂಡಿಸಿ, ಕೆಪಾಸಿಟರನ್ನಲ್ಲ. ಹಾಗಿದ್ದರೆ ಕಿಡಿ ಹೊತ್ತಿದಾಗ ಹೈಫ್ರೀಕ್ವೆನ್ಸಿ ಟ್ರಾನ್ಸ್‌ಫಾರ್ಮರಿನ ಕಡೆ ತಿರುಗುವುದು ಕಡಿಮೆ.

ಕಿಟ್ಟಿನಲ್ಲಿ ಇಲ್ಲದ್ದು, ಇರಲೇಬೇಕಾದದ್ದು ಸೇಫ್ಟಿ ಗ್ಯಾಪ್, ಅಂದರೆ ವೋಲ್ಟೇಜ್ ಮಿತಿ ಮೀರಿದರೆ ಅರ್ಥಿಗೆ ಹರಿಸಿ ಟ್ರಾನ್ಸ್‌ಫಾರ್ಮರ್ ಉಳಿಸುವ ಗ್ಯಾಪ್. ಇದನ್ನು ಬಿಟ್ಟು ಮಾರುವುದು ಬ್ರೇಕ್ ಇಲ್ಲದ ಸೈಕಲ್ ಮಾರಿದ ಹಾಗೆ. ನಿಯಾನ್ ಟ್ರಾನ್ಸ್‌ಫಾರ್ಮರಿನ ನಡುಬಿಂದು ಮೈಗೆ ಅರ್ಥ್ ಆಗಿರುತ್ತದೆ, ಆದ್ದರಿಂದ ಒಂದೊಂದು ತಲೆಯಿಂದ ಅರ್ಥಿಗೆ 7 ಕಿಲೋವೋಲ್ಟ್ ತುದಿ. ದುಂಡು ತಲೆಯ ಮೂರು ಬೋಲ್ಟ್ ಸಾಲಾಗಿ ನಿಲ್ಲಿಸಿ, ನಡುವಿನದು ಅರ್ಥಿಗೆ, ಅಕ್ಕಪಕ್ಕದವು ಎರಡು ತಲೆಗೆ, ಅಂತರ 2 ಮಿ.ಮೀ. ಆಸುಪಾಸು. ಟ್ರಾನ್ಸ್‌ಫಾರ್ಮರ್ ಒಂಟಿಯಾಗಿ ಓಡುವಾಗ ಇದು ಹೊತ್ತಬಾರದು, ಅದಕ್ಕಿಂತ ಕೂದಲೆಳೆ ಹೆಚ್ಚು ಅಂತರ ಸಾಕು. ಕಿಟ್ಟಿನ ಟಂಗ್‌ಸ್ಟನ್ ಕಡ್ಡಿಗಳಿಗೆ ಇಲ್ಲಿ ಕೆಲಸ ಕೊಡೋಣ ಅನಿಸಿದರೆ ತಡೆದುಕೊಳ್ಳಿ, ಚೂಪು ತುದಿ ಇದ್ದರೆ ಬೇಗ ಹೊತ್ತಿ ಲೆಕ್ಕ ತಪ್ಪುತ್ತದೆ. ಎರಡು ತಲೆಗೂ ತಲಾ 1 ಕಿಲೋಓಮ್, 100 ವ್ಯಾಟ್ ತಂತಿ ಸುತ್ತಿನ ರೆಸಿಸ್ಟರ್ ಹಾಕಿದರೆ ಇನ್ನೂ ನೆಮ್ಮದಿ. 30 ಮಿಲಿಆಂಪಿಯರಿಗೆ ಅದರಲ್ಲಿ ಹೋಗುವುದು ಒಂದು ವ್ಯಾಟೂ ಅಲ್ಲ, ಉಳಿದ ಗಾತ್ರ ಕಿಡಿಯ ಹೊಡೆತ ತಡೆಯಲು.

ಟ್ರಾನ್ಸ್‌ಫಾರ್ಮರ್ ಎಲ್ಲಿ ಸಿಗುತ್ತೆ ಅನ್ನುವವರಿಗೆ: ಎಲ್‌ಇಡಿ ಬಂದ ಮೇಲೆ ಕಳಚಿದ ಹಳೇ ನಿಯಾನ್ ಬೋರ್ಡುಗಳ ಸಾಮಾನು ಗುಜರಿಯಲ್ಲಿ ನೋಡಿ. ಕೈಯಲ್ಲಿ ಎತ್ತಿದರೆ ಇಟ್ಟಿಗೆಯಂತೆ ಭಾರ ಇರಬೇಕು. ಹಗುರಾದ ಹೊಸ ಎಲೆಕ್ಟ್ರಾನಿಕ್ ಮಾದರಿ ಬೇಡವೇ ಬೇಡ, ಅದು ಸಾವಿರಾರು ಹರ್ಟ್ಸಿನಲ್ಲಿ ಓಡುತ್ತದೆ, ಕಿಡಿ ಕಂಡರೆ ತಾನೇ ಬಂದ್ ಆಗುತ್ತದೆ. ಮೈಕ್ರೋವೇವ್ ಓವನ್ ಟ್ರಾನ್ಸ್‌ಫಾರ್ಮರ್ ಗುಜರಿಯಲ್ಲಿ ರಾಶಿ ಬಿದ್ದಿರುತ್ತದೆ, ಅದರ ಕರೆಂಟ್ ಮಿತಿಯೇ ಇಲ್ಲ ಅನ್ನುವಷ್ಟು ಜೋರು, ಮುಟ್ಟಿದವರು ಎರಡನೇ ಸಲ ಮುಟ್ಟಿದ್ದಿಲ್ಲ. ಹಾಗಂತ ನಿಯಾನಿನ 30 ಮಿಲಿಆಂಪಿಯರ್ ಸಾಧು ಅಂತಲ್ಲ, ಅದೂ ಕೊಲ್ಲುತ್ತದೆ. ಪವರ್ ಫ್ಯಾಕ್ಟರ್ ಸರಿಪಡಿಸಲು (ಲೈನಿನಿಂದ ವೃಥಾ ಎಳೆಯುವ ಕರೆಂಟ್ ತಗ್ಗಿಸಲು) ನಿಯಾನ್ ಟ್ರಾನ್ಸ್‌ಫಾರ್ಮರಿಗೆ 18 ಮೈಕ್ರೋಫ್ಯಾರಡ್ ಬೇಕು. ಬೋರ್‌ವೆಲ್ ಮೋಟಾರಿನ 36 ಮೈಕ್ರೋಫ್ಯಾರಡ್, 440 ವೋಲ್ಟ್ ರನ್ ಕೆಪಾಸಿಟರ್ ಎರಡು ಸರಣಿಯಲ್ಲಿ ಹಾಕಿದರೆ ಲೆಕ್ಕ ಸರಿ. ಸ್ಟಾರ್ಟ್ ಕೆಪಾಸಿಟರ್ ಹಾಕಿದರೆ ಉಬ್ಬಿ ಒಡೆಯುತ್ತದೆ. ಸೆಕೆಂಡರಿಯ ತಂತಿ ರಿವೈಂಡಿಂಗ್ ಅಂಗಡಿಯಲ್ಲಿ ತೂಕದ ಮೇಲೆ, 1000 ಸುತ್ತಿಗೆ ಅರ್ಧ ಕಿಲೋ ಮೇಲೆ ಸ್ವಲ್ಪ, 600 ಗ್ರಾಂ ತೊಗೊಳ್ಳಿ.

ತಿರುಗುವ ಗ್ಯಾಪ್ (ತಿರುಗುವ ಚಕ್ರದ ಕಡ್ಡಿಗಳು ಕಿಡಿ ಹೊತ್ತಿಸುವಂಥದು) ತಗೊಳ್ಳಬೇಕಿತ್ತೇ ಅಂತ ಕೇಳುವವರು ಭಾಳ. 300 ವಿಎ ಟ್ರಾನ್ಸ್‌ಫಾರ್ಮರಿಗೆ ಬೇಕಿಲ್ಲ. ಮಾಡಲೇಬೇಕೆಂದರೆ ಸಿಂಕ್ರೊನಸ್, ಅಂದರೆ ಕರೆಂಟಿನ ಆವರ್ತಕ್ಕೆ ತಾಳ ಹೊಂದಿದ್ದು, ಮಾಡಿ: ನಿಮಿಷಕ್ಕೆ 1500 ಸುತ್ತಿನ ಮೋಟಾರ್, ಚಕ್ರದಲ್ಲಿ ನಾಲ್ಕು ಕಡ್ಡಿ, ಸೆಕೆಂಡಿಗೆ 100 ಕಿಡಿ, ಪ್ರತಿ ಅರ್ಧ ಆವರ್ತಕ್ಕೆ ಒಂದು. ಸಾಮಾನ್ಯ ಇಂಡಕ್ಷನ್ ಮೋಟಾರ್ 1440ರಲ್ಲಿ ಓಡುತ್ತದೆ, ಆ 60 ಸುತ್ತಿನ ಕೊರತೆಯಿಂದ ಕಿಡಿ ವೋಲ್ಟೇಜಿನ ತುದಿಯಿಂದ ಜಾರುತ್ತಾ ಹೋಗಿ ಒಂದೊಂದು ಸಲ ಸೊನ್ನೆಯ ಹತ್ತಿರ ಬೀಳುತ್ತದೆ. ರೋಟರಿನಲ್ಲಿ ನಾಲ್ಕು ಚಪ್ಪಟೆ ಮುಖ ಕೊರೆಸಿದರೆ ಸರಿಯಾಗಿ 1500ಕ್ಕೆ ಕಚ್ಚಿಕೊಳ್ಳುತ್ತದೆ. ಮಿಲ್ಲಿಂಗ್ ಯಂತ್ರ ಇರುವ ವರ್ಕ್‌ಶಾಪ್ ಕಪನೂರ ಕೈಗಾರಿಕಾ ಪ್ರದೇಶದ ಕಡೆ ಕೇಳಿನೋಡಿ. ಆಂಗಲ್ ಗ್ರೈಂಡರಿಗೆ ಚಕ್ರ ಸಿಕ್ಕಿಸುವ ವಿಡಿಯೋಗಳನ್ನು ನೋಡಿ ಮರುಳಾಗಬೇಡಿ. 25 ಸೆಂ.ಮೀ. ಚಕ್ರದ ಅಂಚು 1500 ಸುತ್ತಿಗೆ ಸೆಕೆಂಡಿಗೆ 20 ಮೀಟರ್ ಓಡಿದರೆ ಗ್ರೈಂಡರಿನ 11,000ಕ್ಕೆ 144 ಮೀಟರ್. ಒಂದು ಕಡ್ಡಿ ಕಿತ್ತು ಬಂದರೆ ಅದು ಗುಂಡು.

ಅರ್ಥ್ ಬಗ್ಗೆ ಹೇಳದೆ ಮುಗಿಸುವಂತಿಲ್ಲ, ಗ್ಯಾಪ್ ಎಷ್ಟು ಒಳ್ಳೆಯದಿದ್ದರೂ ಸೆಕೆಂಡರಿಯ ಬುಡಕ್ಕೆ ನೆಲ ಬೇಕು. ಮನೆಯ ಮೂರು ಪಿನ್ನಿನ ಅರ್ಥಿಗೆ ಅದನ್ನು ಕೂಡಿಸಿದರೆ ಟಿವಿ, ಇನ್ವರ್ಟರ್, ಪಕ್ಕದ ಮನೆಯ ರೌಟರ್ ಎಲ್ಲಾ ಪಾಲು ಪಡೆಯುತ್ತವೆ. ಬೇರೆ ಗೂಟ ಹೊಡೆಯಿರಿ. ಕಲಬುರಗಿಯ ಎರೆಮಣ್ಣು ಮಳೆಗಾಲದಲ್ಲಿ ಒಳ್ಳೆ ವಾಹಕ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಗೂಟದ ಮೈ ಬಿಟ್ಟುಬಿಡುತ್ತದೆ, ಹಾಗಾಗಿ 2 ಮೀಟರಿಗಿಂತ ಕಡಿಮೆ ಇಳಿಸಬೇಡಿ, ಓಡಿಸುವ ಹಿಂದಿನ ರಾತ್ರಿ ಎರಡು ಕೊಡ ನೀರು ಹಾಕಿ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ಗೂಟ ಇಳಿಯುವುದೇ ಕಷ್ಟ, ಅಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬುವ ಹಳೇ ಪದ್ಧತಿಯೇ ಗತಿ. ಶಹಾಬಾದ್ ಪರ್ಸಿಯ ನೆಲದ ಮೇಲೆ ಪ್ರೈಮರಿ ಇಡುವವರು ನೆಲ ಒರೆಸಿದ ದಿನ ಓಡಿಸಬೇಡಿ, ಹಸಿ ಕಲ್ಲಿನ ಮೇಲೆ ಕಿಡಿ ಹರಿಯುತ್ತದೆ.

ಯಾರು ಕೊಳ್ಳಬಹುದು? ಪೈಪ್ ಕತ್ತರಿಸಿ, ಅಂಚು ಉಜ್ಜಿ ನಯ ಮಾಡುವ ಪುರುಸೊತ್ತು ಇಲ್ಲದವರು ತಾಮ್ರಕ್ಕೋಸ್ಕರ ಕೊಳ್ಳಲಿ, ಹಲಗೆ, ಫ್ಯಾನ್ ಎರಡನ್ನೂ ಮೊದಲ ದಿನವೇ ಬದಲಿಸಲಿ. ಹ್ಯಾಕ್ಸಾ ಹಿಡಿಯಲು ಬರುವವರಿಗೆ ಕಿಟ್ ಬೇಕಿಲ್ಲ, ಅರ್ಧ ಮೀಟರ್ ತಾಮ್ರದ ಪೈಪಿನಲ್ಲಿ ಏಳು ತುಂಡು ಬಂದು ಒಂದಿಷ್ಟು ಉಳಿಯುತ್ತದೆ. ಶಾಲೆಯ ಪ್ರದರ್ಶನಕ್ಕೆ ಅಂತಿದ್ದರೆ ಈ ಗ್ಯಾಪೂ ಬೇಡ, ಈ ಗಾತ್ರದ ಕಾಯಿಲೂ ಬೇಡ. ತೆರೆದ ಗ್ಯಾಪಿನ ಬೆಳಕಿನಲ್ಲಿ ವೆಲ್ಡಿಂಗಿನಂತೆ ಅತಿನೇರಳೆ ಇರುತ್ತದೆ, ಮಕ್ಕಳು ಕಣ್ಣು ಕೀಳದೆ ನೋಡುವುದು ಅದನ್ನೇ. ಮನೆಯಲ್ಲಿ ಓಡಿಸುವವರೂ ಗ್ಯಾಪಿನ ಸುತ್ತ ಪಿವಿಸಿ ಮರೆ ಕಟ್ಟಿ, ಕಿಟಕಿ ತೆಗೆದಿಡಿ, ಓಜೋನ್ ವಾಸನೆ ಮೂಗಿಗೆ ಬಂದರೆ ನಿಲ್ಲಿಸಿ. ನಿಲ್ಲಿಸಿದ ಮೇಲೂ 15 ನ್ಯಾನೋಫ್ಯಾರಡಿನಲ್ಲಿ ಒಂದೂವರೆ ಜೂಲ್ ಕೂತಿರಬಹುದು. ಒಂದು ಮೀಟರ್ ಪಿವಿಸಿ ಕೋಲಿನ ತುದಿಗೆ ಅರ್ಥ್ ತಂತಿ ಕಟ್ಟಿ ಕೆಪಾಸಿಟರಿನ ಎರಡೂ ತಲೆ ಮುಟ್ಟಿಸಿ, ‘ಟಕ್’ ಅನ್ನದಿದ್ದರೂ ಮತ್ತೊಮ್ಮೆ ಮುಟ್ಟಿಸಿ, ಆಮೇಲೆ ಫೀಲರ್ ಗೇಜ್ ಕೈಗೆತ್ತಿಕೊಳ್ಳಿ.